ಊರಿನ ಹಳೆಯ ಶಾಲೆ: ಕಟ್ಟಡ ಮತ್ತು ಚರಿತ್ರೆಯ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೆಯ ಶಾಲಾ ಕಟ್ಟಡಗಳ ಬಗ್ಗೆ ಪ್ರಶ್ನೆಗಳನ್ನು ಕಳುಹಿಸಬೇಕೆಂದು ಹಿಂದಿನ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಶತಮಾನೋತ್ಸವದ ಸಿದ್ಧತೆಯಲ್ಲಿರುವ ಅಥವಾ ದುರಸ್ತಿಗೆ ಕಾದಿರುವ ಊರುಗಳಿಂದ ಬಂದವು. ಒಂದೇ ವಿಷಯವನ್ನು ಹಲವರು ಕೇಳಿರುವಲ್ಲಿ ಒಂದು ಪತ್ರವನ್ನು ಮಾತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಊರಿನ ಸರಕಾರಿ ಶಾಲೆಯ ಮಾಡಿನ ಹೆಂಚುಗಳ ಮೇಲೆ 1865 ಎಂದು ಅಚ್ಚಾಗಿದೆ. ಆದ್ದರಿಂದ ಕಟ್ಟಡವೂ ಅದೇ ವರ್ಷದ್ದು ಎಂದು ಹಿರಿಯರು ಹೇಳುತ್ತಾರೆ. ಸ್ಮರಣ ಸಂಚಿಕೆಯಲ್ಲಿ ಇದನ್ನು ಹಾಗೆಯೇ ಅಚ್ಚು ಹಾಕಬಹುದೇ? ಕಟ್ಟಡದ ನಿಜವಾದ ವಯಸ್ಸನ್ನು ತಿಳಿಯುವುದು ಹೇಗೆ?
(ಹಳೆಯ ವಿದ್ಯಾರ್ಥಿಗಳ ಸಂಘದವರು, ಸಾಗರ)

ಉತ್ತರ: ದಯವಿಟ್ಟು ಹಾಗೆ ಅಚ್ಚು ಹಾಕಬೇಡಿ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಜಾರ್ಜ್ ಪ್ಲೆಬ್ಸ್ಟ್ ಅವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ವರ್ಷ 1865. ಆ ಕಾರ್ಖಾನೆಯವರು ತಮ್ಮ ಹೆಸರಿನ ಜೊತೆಗೆ ಸ್ಥಾಪನೆಯ ವರ್ಷವನ್ನೂ ಅಚ್ಚಿನಲ್ಲಿ ಸೇರಿಸಿಕೊಂಡಿದ್ದರು. ಹಾಗಾಗಿ ಅದಾದ ಎಷ್ಟೋ ವರ್ಷಗಳ ನಂತರ ಸುಟ್ಟ ಹೆಂಚಿನ ಮೇಲೂ ಅದೇ 1865 ಕಾಣುತ್ತದೆ. ಅದು ಹೆಂಚು ಹುಟ್ಟಿದ ವರ್ಷವಲ್ಲ, ಕಾರ್ಖಾನೆ ಹುಟ್ಟಿದ ವರ್ಷ. ಈ ಒಂದು ಸಂಖ್ಯೆಯನ್ನು ನಂಬಿ ಕರಾವಳಿ ಮತ್ತು ಮಲೆನಾಡಿನ ಅನೇಕ ಮನೆಗಳಿಗೂ ಶಾಲೆಗಳಿಗೂ ಇಲ್ಲದ ವಯಸ್ಸನ್ನು ಕಟ್ಟಲಾಗಿದೆ.

ಹಾಗೆಂದು ಹೆಂಚು ಏನನ್ನೂ ಹೇಳುವುದಿಲ್ಲ ಎಂದಲ್ಲ. ಮೊದಲನೆಯ ಮಹಾಯುದ್ಧದ ಹೊತ್ತಿಗೆ ಬಾಸೆಲ್ ಮಿಷನ್ನಿನ ಕೈಗಾರಿಕೆಗಳು ಅವರ ಕೈತಪ್ಪಿ, ಆಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಗೆ ಸೇರಿದವು. ಆದ್ದರಿಂದ ಕಾಮನ್‌ವೆಲ್ತ್ ಎಂಬ ಅಚ್ಚು ಇರುವ ಹೆಂಚು ಆ ಯುದ್ಧಕ್ಕಿಂತ ಈಚಿನದೆಂದು ಧೈರ್ಯವಾಗಿ ಹೇಳಬಹುದು. ಆದರೆ ಮಾಡಿನ ಹೆಂಚು ಗೋಡೆಯಷ್ಟೇ ಹಳೆಯದಾಗಿರಬೇಕೆಂಬ ನಿಯಮವಿಲ್ಲ. ಹುಲ್ಲಿನ ಅಥವಾ ನಾಡಹೆಂಚಿನ ಮಾಡನ್ನು ಇಳಿಸಿ ಆಮೇಲೆ ಮಂಗಳೂರು ಹೆಂಚು ಹೊದಿಸಿರಬಹುದು. ಒಡೆದವುಗಳ ಬದಲಿಗೆ ಬೇರೆ ಕಾರ್ಖಾನೆಯ ಹೆಂಚು ಬಂದಿರಬಹುದು. ಒಂದೇ ಮಾಡಿನಿಂದ ಮೂರು ನಾಲ್ಕು ಕಾರ್ಖಾನೆಗಳ ಅಚ್ಚು ಸಿಕ್ಕಿದರೆ ಆಶ್ಚರ್ಯಪಡಬೇಕಾಗಿಲ್ಲ. ಎಲ್ಲೋ ಒಂದು ಹೆಂಚನ್ನು ನೋಡಿ ನಿರ್ಧರಿಸುವ ಬದಲು, ಮಾಡಿನ ಯಾವ ಭಾಗದಲ್ಲಿ ಯಾವ ಅಚ್ಚು ಎಷ್ಟಿದೆ ಎಂಬುದನ್ನು ಬರೆದುಕೊಂಡರೆ ಮಾಡನ್ನು ಯಾವಾಗ ಎಲ್ಲಿ ಬಿಚ್ಚಿ ಕಟ್ಟಿದ್ದಾರೆಂಬ ಸುಳಿವು ಸಿಗುತ್ತದೆ.

ಕಬ್ಬಿಣದ ತೊಲೆಗಳನ್ನೂ ಹೀಗೆಯೇ ನೋಡಬೇಕು. ಬಣ್ಣದ ಪದರಗಳ ಕೆಳಗೆ ತಯಾರಕರ ಹೆಸರು ಉಬ್ಬಕ್ಷರದಲ್ಲಿರುತ್ತದೆ. ಜಮ್‌ಷೆಡ್‌ಪುರದಲ್ಲಿ ಟಾಟಾ ಕಂಪನಿಯ ಉಕ್ಕಿನ ಉತ್ಪಾದನೆ ಆರಂಭವಾದದ್ದು 1912ರಲ್ಲಿ. ಆದ್ದರಿಂದ ಟಾಟಾ ಹೆಸರಿನ ತೊಲೆ ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಇಟ್ಟಿಗೆಯೂ ನೆರವಾಗುತ್ತದೆ: ಅಗಲವಾಗಿ ತೆಳ್ಳಗಿರುವ ಇಟ್ಟಿಗೆ ಸಾಮಾನ್ಯವಾಗಿ ಹಳೆಯ ಪದ್ಧತಿಯದು, ಒಂಬತ್ತು ಅಂಗುಲದ ದಪ್ಪ ಇಟ್ಟಿಗೆ ಲೋಕೋಪಯೋಗಿ ಇಲಾಖೆಯ ಕಾಲದ್ದು.

ಶಾಲೆಯ ವಯಸ್ಸು ಮತ್ತು ಕಟ್ಟಡದ ವಯಸ್ಸು ಬೇರೆ ಬೇರೆ ಎಂಬುದನ್ನು ಸ್ಮರಣ ಸಂಚಿಕೆಯ ಸಂಪಾದಕರು ಮೊದಲಿಗೇ ಮನಸ್ಸಿಗೆ ತಂದುಕೊಳ್ಳಬೇಕು. ಚಾವಡಿಯಲ್ಲೋ ಬಾಡಿಗೆ ಮನೆಯಲ್ಲೋ ಆರಂಭವಾದ ಶಾಲೆ ಹತ್ತಿಪ್ಪತ್ತು ವರ್ಷಗಳ ನಂತರ ಸ್ವಂತ ಕಟ್ಟಡಕ್ಕೆ ಬಂದಿರಬಹುದು. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಧಾರವಾಡದ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಅದು ಇಂದು ನಡೆಯುತ್ತಿರುವ ಭವ್ಯ ಕಟ್ಟಡ ಮೂಲತಃ ಸದರ್ನ್ ಮರಾಠಾ ರೈಲ್ವೆಯ ಕೇಂದ್ರ ಕಚೇರಿಗಾಗಿ ಎದ್ದದ್ದು. ಅಲ್ಲಿ ಕಟ್ಟಡವೇ ಸಂಸ್ಥೆಗಿಂತ ಹಿರಿಯದು.

ಕಾಗದಪತ್ರಗಳ ವಿಷಯಕ್ಕೆ ಬಂದರೆ, ಮುಖ್ಯೋಪಾಧ್ಯಾಯರ ಕೊಠಡಿಯ ಬೀರುವಿನಿಂದಲೇ ಆರಂಭಿಸಿ. ಹಳೆಯ ದಾಖಲಾತಿ ರಿಜಿಸ್ಟರ್ ಎಲ್ಲರ ಕಣ್ಣಿಗೂ ಬೀಳುತ್ತದೆ. ತಪಾಸಣೆಗೆ ಬಂದ ಇನ್‌ಸ್ಪೆಕ್ಟರುಗಳು ಶೇರಾ ಬರೆದ ಪುಸ್ತಕವನ್ನು ಮಾತ್ರ ಯಾರೂ ತೆರೆಯುವುದಿಲ್ಲ. ಮಕ್ಕಳ ಹಾಜರಿ ಮತ್ತು ಲೆಕ್ಕದ ಪಾಠದ ಜೊತೆಗೆ, ಪಶ್ಚಿಮದ ಗೋಡೆ ಸೋರುತ್ತಿದೆ, ಹೊಸ ಕೊಠಡಿಗೆ ಬಾಗಿಲು ಕೂಡಿಸಬೇಕು ಎಂಬಂಥ ಸಾಲುಗಳು ತಾರೀಖಿನ ಸಮೇತ ಸಿಗುವುದು ಅಲ್ಲಿಯೇ. ನಾನು ನೋಡಿದ ಒಂದು ಪುಸ್ತಕದಲ್ಲಿ ಬಾವಿಗೆ ಕಟ್ಟೆ ಕಟ್ಟಿಸಬೇಕೆಂಬ ಮಾತು ನಾಲ್ಕು ತಪಾಸಣೆಗಳಲ್ಲಿ ಮರಳಿ ಮರಳಿ ಬಂದು, ಐದನೆಯದರಲ್ಲಿ ಕಟ್ಟೆಯಾಗಿದೆ ಎಂಬ ಒಂದೇ ಸಾಲಿನೊಡನೆ ನಿಂತಿತ್ತು. ಆ ಶಾಲೆಯ ಬಾವಿಕಟ್ಟೆಯ ವರ್ಷ ಗೊತ್ತಾದದ್ದು ಆ ಸಾಲಿನಿಂದಲೇ.

ಶಾಲೆಯಲ್ಲಿ ಏನೂ ಉಳಿದಿಲ್ಲವಾದರೆ ಪತ್ರಾಗಾರಕ್ಕೆ ಹೋಗಬೇಕು. ಯಾವ ಪತ್ರಾಗಾರ ಎಂಬುದು 1956ಕ್ಕೆ ಮುಂಚೆ ನಿಮ್ಮ ಊರು ಯಾರ ಆಡಳಿತದಲ್ಲಿತ್ತು ಎಂಬುದನ್ನು ಅವಲಂಬಿಸಿದೆ. ಸಾಗರ ಮೈಸೂರು ಸಂಸ್ಥಾನದಲ್ಲಿದ್ದುದರಿಂದ ನಿಮಗೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ ಸಾಕು. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡದವರು ಮುಂಬೈಯ ಕಡತಗಳನ್ನೂ, ದಕ್ಷಿಣ ಕನ್ನಡ ಮತ್ತು ಬಳ್ಳಾರಿಯವರು ಚೆನ್ನೈಯವನ್ನೂ, ಕಲಬುರಗಿ, ರಾಯಚೂರು, ಬೀದರದವರು ಹೈದರಾಬಾದಿನವನ್ನೂ ನೋಡಬೇಕಾಗುತ್ತದೆ.

ಪ್ರಶ್ನೆ: ಶಾಲೆಯ ಕಟ್ಟಡಗಳು ಬರುವ ಮೊದಲು ನಮ್ಮ ಊರುಗಳಲ್ಲಿ ಮಕ್ಕಳು ಎಲ್ಲಿ ಓದುತ್ತಿದ್ದರು? ಕೂಲಿಮಠ ಎಂಬ ಮಾತನ್ನು ಅಜ್ಜನವರ ಬಾಯಲ್ಲಿ ಕೇಳಿದ್ದೇನೆ.
(ಒಬ್ಬ ಶಿಕ್ಷಕಿ, ಹೊಸಪೇಟೆ)

ಉತ್ತರ: ತಾವು ಬಳ್ಳಾರಿ ಸೀಮೆಯವರಾದ್ದರಿಂದ ಈ ಪ್ರಶ್ನೆಗೆ ನಿಮ್ಮ ನೆಲದ್ದೇ ಆದ ಬಹು ಒಳ್ಳೆಯ ಉತ್ತರವಿದೆ. ಮದ್ರಾಸಿನ ಗವರ್ನರ್ ಆಗಿದ್ದ ಥಾಮಸ್ ಮನ್ರೋ 1822ರಲ್ಲಿ ಪ್ರತಿ ಜಿಲ್ಲೆಯ ಕಲೆಕ್ಟರರಿಂದ ಊರಶಾಲೆಗಳ ವಿವರ ತರಿಸಿದರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರಲ್ಲಿ ಕಳುಹಿಸಿದ ವರದಿ ಅವುಗಳಲ್ಲೆಲ್ಲ ಹೆಚ್ಚು ವಿವರವಾದವುಗಳಲ್ಲೊಂದು. ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ಅನಂತಪುರವೂ ಸೇರಿತ್ತು. ಒಟ್ಟು 533 ಶಾಲೆಗಳು. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226, ಮರಾಠಿಯವು 23, ಸಂಸ್ಕೃತದವು 23, ಪಾರಸಿಯವು 21, ತಮಿಳಿನವು 4, ಇಂಗ್ಲಿಷಿನದು ಒಂದೇ ಒಂದು. ಓದುತ್ತಿದ್ದ ಮಕ್ಕಳು 6,641.

ಈ ಶಾಲೆಗಳ ದಿನಚರಿಯನ್ನು ಕ್ಯಾಂಬೆಲ್ ಕಣ್ಣಿಗೆ ಕಟ್ಟುವಂತೆ ಬರೆದಿದ್ದಾರೆ. ಬೆಳಗಿನ ಆರು ಗಂಟೆಗೆ ಶಾಲೆ ಆರಂಭ. ಮೊದಲು ಬಂದ ಮಗುವಿನ ಅಂಗೈ ಮೇಲೆ ಗೌರವದ ಗುರುತಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯ ಮಗುವಿಗೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯದಕ್ಕೆ ಮೆಲ್ಲನೆ ಒಂದು ಏಟು, ನಾಲ್ಕನೆಯದಕ್ಕೆ ಎರಡು, ಆಮೇಲೆ ಬಂದವರಿಗೆಲ್ಲ ಒಂದೊಂದು ಹೆಚ್ಚು. ಬರೆಯುವುದಕ್ಕೆ ಅಕ್ಕಿಯ ಗಂಜಿ ಮತ್ತು ಇದ್ದಿಲಿನ ಪುಡಿ ಬಳಿದ ಹಲಗೆಯೋ, ಗಂಜಿ ಹಾಕಿ ಬಿರುಸು ಮಾಡಿ ಪುಸ್ತಕದಂತೆ ಮಡಿಸಿದ ಕಪ್ಪು ಬಟ್ಟೆಯ ಕಡತವೋ ಇರುತ್ತಿತ್ತು. ಅದರ ಮೇಲೆ ಬಳಪದಿಂದ ಬರೆದು, ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಬರೆಯಬೇಕು. ಇಂದು ಕಚೇರಿಯ ಕಾಗದದ ಕಟ್ಟಿಗೆ ನಾವು ಕಡತ ಎನ್ನುತ್ತೇವಲ್ಲ, ಆ ಮಾತು ಈ ಕಪ್ಪು ಬಟ್ಟೆಯ ಪುಸ್ತಕಕ್ಕೂ ಸಲ್ಲುತ್ತಿತ್ತು.

ಇಂಥ ಪಾಠಕ್ಕೆ ಪ್ರತ್ಯೇಕ ಕಟ್ಟಡದ ಅಗತ್ಯವೇ ಇರಲಿಲ್ಲ. ದೇವಸ್ಥಾನದ ಪೌಳಿ, ಮಠದ ಪಡಸಾಲೆ, ಊರ ಚಾವಡಿ, ಇಲ್ಲವೇ ಐಗಳ, ಅಂದರೆ ಮೇಷ್ಟ್ರ ಮನೆಯ ಜಗಲಿ ಸಾಕಾಗುತ್ತಿತ್ತು. ಮಕ್ಕಳ ಮನೆಯವರು ಕೊಡುವ ಕೂಲಿಯಿಂದ ನಡೆಯುತ್ತಿದ್ದುದರಿಂದ ಕೂಲಿಮಠ ಎಂಬ ಹೆಸರು ಬಂದಿತು. ಕೂಲಿ ಕೊಡಲಾಗದ ಮನೆಯ ಮಕ್ಕಳು ಅರ್ಧದಲ್ಲೇ ಬಿಡುತ್ತಿದ್ದರು. ಬಡತನದಿಂದಾಗಿ ಹೀಗೆ ಬಿಟ್ಟುಹೋಗುವವರು ಹೆಚ್ಚುತ್ತಿದ್ದಾರೆಂಬ ಕಳವಳ ಕ್ಯಾಂಬೆಲ್ಲರ ವರದಿಯಲ್ಲೂ ಇದೆ. ಶಾಲೆಗೆಂದೇ ಒಂದು ಮನೆ, ಅದಕ್ಕೊಂದು ಗಂಟೆ, ಒಂದು ಅಂಗಳ ಎಂಬ ಕಲ್ಪನೆ ನಮ್ಮ ಊರುಗಳಿಗೆ ವ್ಯಾಪಕವಾಗಿ ಬಂದದ್ದು 1854ರ ವುಡ್ ಶಿಕ್ಷಣ ನಿರೂಪದ, ಅಂದರೆ ಶಿಕ್ಷಣದ ಬಗ್ಗೆ ಲಂಡನ್ನಿನಿಂದ ಬಂದ ಆದೇಶಪತ್ರದ ನಂತರ, ಸರಕಾರಗಳು ಶಿಕ್ಷಣ ಇಲಾಖೆಗಳನ್ನು ತೆರೆದ ಮೇಲೆ. ಮೈಸೂರಿನಲ್ಲಿ ಇಲಾಖೆ 1857ರಲ್ಲಿ ಬಂದಿತು. ಮುಂದೆ ಶಾಸನಗಳ ಸಂಪಾದಕರೆಂದು ಹೆಸರಾದ ಬಿ. ಎಲ್. ರೈಸ್ ಅವರ ಹೋಬಳಿ ಶಾಲೆಗಳ ಯೋಜನೆ 1868ರದು. ಮುಂಬೈ ಕರ್ನಾಟಕದಲ್ಲಿ ಕಟ್ಟಡಕ್ಕಿಂತ ಮೊದಲು ಭಾಷೆಗಾಗಿಯೇ ಹೋರಾಡಬೇಕಾಯಿತು. ಮರಾಠಿಯಲ್ಲಿ ನಡೆಯುತ್ತಿದ್ದ ಶಾಲೆಗಳಿಗೆ ಕನ್ನಡವನ್ನು ತರಲು ದುಡಿದ ಡೆಪ್ಯುಟಿ ಚೆನ್ನಬಸಪ್ಪನವರನ್ನು ಅಲ್ಲಿಯ ಹಳೆಯ ಕನ್ನಡ ಶಾಲೆಯ ಮುಂದೆ ನಿಂತವರು ಮರೆಯಬಾರದು.

ಪ್ರಶ್ನೆ: ಹಳೆಯ ಶಾಲೆಗಳಲ್ಲಿ ಮಧ್ಯೆ ಒಂದು ಉದ್ದನೆಯ ಹಜಾರ, ಎರಡೂ ಬದಿಗೆ ವರಾಂಡ, ಬಹಳ ಎತ್ತರದ ಮಾಡು ಏಕೆ ಇರುತ್ತವೆ? ಇದು ಬ್ರಿಟಿಷರ ನಕ್ಷೆಯೋ, ನಮ್ಮದೋ?
(ವಾಸ್ತುಶಿಲ್ಪದ ವಿದ್ಯಾರ್ಥಿನಿ, ಹುಬ್ಬಳ್ಳಿ)

ಉತ್ತರ: ಎರಡೂ ಬೆರೆತಿವೆ. ಉದ್ದನೆಯ ಒಂದೇ ಹಜಾರಕ್ಕೆ ಮುಖ್ಯ ಕಾರಣ ಶಿಕ್ಷಕರ ಸಂಖ್ಯೆ. ಒಬ್ಬರೋ ಇಬ್ಬರೋ ಮೇಷ್ಟ್ರು ಎಲ್ಲ ತರಗತಿಗಳನ್ನೂ ನೋಡಿಕೊಳ್ಳಬೇಕಾದರೆ ಗೋಡೆಗಳು ಅಡ್ಡ ಬರಬಾರದು. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವ ಪದ್ಧತಿಯೂ ಅಲ್ಲಿತ್ತು. ಅದು ಇಂಗ್ಲೆಂಡಿನಲ್ಲಿ ಮದ್ರಾಸ್ ಪದ್ಧತಿ ಎಂದೇ ಹೆಸರಾಯಿತು ಎಂಬುದು ನಿಮಗೆ ಕುತೂಹಲ ತರಬಹುದು. ಮದ್ರಾಸಿನ ಅನಾಥ ಬಾಲಕರ ಶಾಲೆಯನ್ನು ನಡೆಸುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ಇಲ್ಲಿಯ ಊರಶಾಲೆಯಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿಯುವುದನ್ನು ಕಂಡು ತಮ್ಮ ಶಾಲೆಯಲ್ಲಿ ಅದನ್ನು ಅಳವಡಿಸಿ, ಹುಡುಗರಿಂದಲೇ ಹುಡುಗರಿಗೆ ಕಲಿಸಿ, 1797ರಲ್ಲಿ ಲಂಡನ್ನಿನಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಅಲ್ಲಿಯ ಶಾಲೆಗಳ ದೊಡ್ಡ ಹಜಾರಗಳಿಗೆ ಈ ಪದ್ಧತಿ ಒಂದು ಕಾರಣವಾಯಿತು. ಆದ್ದರಿಂದ ಹಜಾರವನ್ನು ಹೊರಗಿನಿಂದ ಬಂದ ನಕ್ಷೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ವರಾಂಡ ನಮ್ಮ ಜಗಲಿಯ ಅಣ್ಣ. ಬಿಸಿಲು ಮತ್ತು ಇರಚಲು ನೇರವಾಗಿ ಗೋಡೆಗೆ ತಾಗದಂತೆ ಅದು ತಡೆಯುತ್ತದೆ. ಮಾಡಿನ ಎತ್ತರ ಗಾಳಿಗಾಗಿ: ಬಿಸಿಗಾಳಿ ಮೇಲೇರಿ, ಗೋಡೆಯ ತಲೆಯಲ್ಲಿರುವ ಗವಾಕ್ಷಿಗಳಿಂದಲೂ ಹೆಂಚಿನ ಸಂದುಗಳಿಂದಲೂ ಹೊರಹೋಗುತ್ತದೆ. ಕೆಳಗೆ ಮಕ್ಕಳು ಕುಳಿತ ಮಟ್ಟದಲ್ಲಿ ತಂಪು ಉಳಿಯುತ್ತದೆ. ಕಿಟಕಿಯ ತಲೆ ಎತ್ತರದಲ್ಲಿದ್ದಷ್ಟೂ ಬೆಳಕು ಕೋಣೆಯ ಆಳಕ್ಕೆ ಹೋಗುತ್ತದೆ. ವಿದ್ಯುತ್ ದೀಪವಿಲ್ಲದ ಕಾಲದಲ್ಲಿ ಇದು ಸಣ್ಣ ವಿಷಯವಲ್ಲ. ನೀವು ಒಂದು ಹಳೆಯ ತರಗತಿಗೆ ಹೋದಾಗ ಕರಿಹಲಗೆಯ ಗೋಡೆಗೆ ಮುಖ ಮಾಡಿ ನೆಲದ ಮೇಲೆ ಕುಳಿತು ನೋಡಿ. ದೊಡ್ಡ ಕಿಟಕಿಗಳು ಎಡಕ್ಕೆ ಇದ್ದರೆ, ಬಲಗೈಯಲ್ಲಿ ಬರೆಯುವ ಮಗುವಿನ ಕೈಯ ನೆರಳು ಅದರ ಬರವಣಿಗೆಯ ಮೇಲೆ ಬೀಳದಿರಲೆಂದು ಕಟ್ಟಿಸಿದವರು ಯೋಚಿಸಿದ್ದರೆಂದು ತಿಳಿಯಬಹುದು. ಆ ಕಾಲದ ಶಾಲಾ ಕಟ್ಟಡದ ಕೈಪಿಡಿಗಳು ಎಡಗಡೆಯ ಬೆಳಕನ್ನೇ ಹೇಳುತ್ತಿದ್ದವು. ಮುಂದೆ ಯಾರೋ ಕರಿಹಲಗೆಯನ್ನು ಎದುರು ಗೋಡೆಗೆ ಬದಲಾಯಿಸಿದ್ದರೆ ಈ ಲೆಕ್ಕವೆಲ್ಲ ತಲೆಕೆಳಗಾಗಿರುತ್ತದೆ.

ನಕ್ಷೆ ಒಂದೇ ಆದರೂ ಮೈ ಮಾತ್ರ ಆಯಾ ಸೀಮೆಯದು. ಕರಾವಳಿಯಲ್ಲಿ ಮುರಕಲ್ಲಿನ ಗೋಡೆ ಮತ್ತು ಕಡಿದಾದ ಹೆಂಚಿನ ಮಾಡು, ಬಯಲುಸೀಮೆಯಲ್ಲಿ ಒರಟು ಕಲ್ಲಿನ ಗೋಡೆ, ಕಲಬುರಗಿಯ ಕಡೆ ಶಹಾಬಾದಿ ಫರ್ಸಿ, ಅಂದರೆ ಚಪ್ಪಡಿ ಕಲ್ಲು. ಪಟ್ಟಣದ ದೊಡ್ಡ ಶಾಲೆಗಳಲ್ಲಿ ಮದ್ರಾಸ್ ತಾರಸಿ: ಸಾಗುವಾನಿ ಜಂತಿಗಳ ಮೇಲೆ ತೆಳುವಾದ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಸಾಲುಗಳನ್ನು ಓರೆಯಾಗಿ ಜೋಡಿಸಿ, ಮೇಲೆ ಇಟ್ಟಿಗೆ ಚೂರಿನ ಗಾರೆಯನ್ನು ಬಡಿದು ಗಟ್ಟಿ ಮಾಡಿದ ಮಾಳಿಗೆ. ಕೆಳಗಿನಿಂದ ತಲೆಯೆತ್ತಿ ನೋಡಿದರೆ ಜಂತಿಗಳ ನಡುವೆ ಇಟ್ಟಿಗೆಯ ಓರೆಸಾಲುಗಳು ಚಾಪೆಯ ನೇಯ್ಗೆಯಂತೆ ಕಾಣುತ್ತವೆ.

ಪ್ರಶ್ನೆ: ಹೆಣ್ಣುಮಕ್ಕಳ ಹಳೆಯ ಶಾಲೆಗಳಿಗೆ ಎತ್ತರದ ಆವರಣ ಗೋಡೆ ಏಕೆ?
(ಓದುಗರೊಬ್ಬರು, ಮೈಸೂರು)

ಉತ್ತರ: ಮೇಲೆ ಹೇಳಿದ ಬಳ್ಳಾರಿಯ 6,641 ಮಕ್ಕಳಲ್ಲಿ ಹುಡುಗಿಯರು 60 ಮಂದಿ ಮಾತ್ರ. ಅಂಥ ಸ್ಥಿತಿಯಿಂದ ಹೊರಬರುತ್ತಿದ್ದ ಕಾಲದಲ್ಲಿ, ಬೀದಿಯ ಕಣ್ಣಿಗೆ ಬೀಳದ ಅಂಗಳವಿದೆ ಎಂದರೆ ಮಾತ್ರ ಮಗಳನ್ನು ಕಳುಹಿಸಲು ಒಪ್ಪುವ ಮನೆಗಳಿದ್ದವು. ನಿಮ್ಮ ಊರಿನಲ್ಲಿಯೇ ಅಂಬಿಲ್ ನರಸಿಂಹ ಅಯ್ಯಂಗಾರ್ಯರ ಪ್ರಯತ್ನದಿಂದ 1881ರಲ್ಲಿ ಮಹಾರಾಣಿ ಬಾಲಿಕಾ ಪಾಠಶಾಲೆ ಆರಂಭವಾದಾಗ ಅರಮನೆಯ ಆಶ್ರಯವೇ ಅದಕ್ಕೆ ದೊಡ್ಡ ಭರವಸೆಯಾಗಿತ್ತು. ಅರಮನೆಯ ಹೆಸರಿಲ್ಲದ ಊರುಗಳಲ್ಲಿ ಆ ಭರವಸೆಯನ್ನು ಗೋಡೆಯೇ ಕೊಡಬೇಕಾಗಿತ್ತು.

ಪ್ರಶ್ನೆ: ನಮ್ಮ ಶಾಲೆಯ ಕಲ್ಲು ಗಾರೆಯ ಗೋಡೆಗೆ ಆರು ವರ್ಷಗಳ ಹಿಂದೆ ದಾನಿಗಳ ಹಣದಿಂದ ಸಿಮೆಂಟಿನ ಗಿಲಾವು ಮಾಡಿಸಿ ಬಣ್ಣ ಬಳಿಸಿದೆವು. ಈಗ ಗೋಡೆ ಮೊದಲಿಗಿಂತ ಹೆಚ್ಚು ತೇವವಾಗಿದೆ, ಬಣ್ಣ ಗುಳ್ಳೆಯೆದ್ದು ಉದುರುತ್ತಿದೆ, ಬಿಳಿಯ ಉಪ್ಪು ಹೊರಬರುತ್ತಿದೆ. ತಪ್ಪು ಎಲ್ಲಿ ಆಯಿತು? ಈಗ ಏನು ಮಾಡಬೇಕು?
(ಶಾಲಾಭಿವೃದ್ಧಿ ಸಮಿತಿಯ ಸದಸ್ಯರು, ಚಿಕ್ಕಮಗಳೂರು ಜಿಲ್ಲೆ)

ಉತ್ತರ: ಈ ತಿಂಗಳು ಅತಿ ಹೆಚ್ಚು ಬಂದ ಪ್ರಶ್ನೆ ಇದೇ. ತಮ್ಮ ಸಮಿತಿಯವರ ಉದ್ದೇಶ ಒಳ್ಳೆಯದೇ ಇತ್ತು, ಕೆಲಸದವರೂ ಮೋಸ ಮಾಡಿರಲಿಕ್ಕಿಲ್ಲ. ತಪ್ಪು ಆದದ್ದು ಎರಡು ಬೇರೆ ಸ್ವಭಾವದ ವಸ್ತುಗಳನ್ನು ಒಂದರ ಮೇಲೊಂದು ಕೂಡಿಸಿದ್ದರಲ್ಲಿ.

ಹಳೆಯ ಗೋಡೆಗೆ ತಳದಲ್ಲಿ ತೇವ ತಡೆಯುವ ಪದರ ಇರುವುದಿಲ್ಲ. ನೆಲದ ನೀರು ಸ್ವಲ್ಪ ಮಟ್ಟಿಗೆ ಮೇಲೇರುತ್ತದೆ, ಮಳೆಯ ನೀರು ಸ್ವಲ್ಪ ಒಳಗಿಳಿಯುತ್ತದೆ. ಸುಣ್ಣದ ಗಾರೆಯಲ್ಲಿ ಸೂಕ್ಷ್ಮವಾದ ರಂಧ್ರಗಳಿರುವುದರಿಂದ ಆ ನೀರು ಬಿಸಿಲು ಬಂದಾಗ ಗೋಡೆಯ ಮೈಯಿಂದಲೇ ಆರಿಹೋಗುತ್ತದೆ. ಗೋಡೆ ಒದ್ದೆಯಾಗುತ್ತದೆ, ಒಣಗುತ್ತದೆ. ನೂರು ಮಳೆಗಾಲಗಳನ್ನು ಅದು ಕಳೆದದ್ದು ಹೀಗೆ. ಸಿಮೆಂಟಿನ ಗಿಲಾವು ಮತ್ತು ಅದರ ಮೇಲಿನ ಪ್ಲಾಸ್ಟಿಕ್ ಬಣ್ಣ ಈ ದಾರಿಯನ್ನು ಮುಚ್ಚುತ್ತವೆ. ನೀರು ಒಳಗೆ ಬರುವುದು ನಿಲ್ಲುವುದಿಲ್ಲ, ಹೊರಗೆ ಹೋಗುವುದು ನಿಲ್ಲುತ್ತದೆ. ಒಳಗೆ ಉಳಿದ ನೀರಿನಲ್ಲಿ ಕರಗಿದ ಲವಣಗಳು ಗಿಲಾವಿನ ಹಿಂಬದಿಯಲ್ಲಿ ಹರಳುಗಟ್ಟಿ ಅದನ್ನು ಹೊರಕ್ಕೆ ನೂಕುತ್ತವೆ. ಜೊತೆಗೆ ಸಿಮೆಂಟು ಹಳೆಯ ಗಾರೆಗಿಂತ ಬಿರುಸು. ಗೋಡೆ ಬಿಸಿಲು ಚಳಿಗೆ ಸ್ವಲ್ಪ ಅಲುಗಿದಾಗ ಗಾರೆ ಹೊಂದಿಕೊಳ್ಳುತ್ತದೆ, ಸಿಮೆಂಟು ಬಿರಿಯುತ್ತದೆ. ಆ ಬಿರುಕಿನಿಂದ ಮತ್ತಷ್ಟು ಮಳೆನೀರು ಒಳಹೋಗುತ್ತದೆ.

ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ತೇವ ತಡೆಯಲೆಂದು ಸೊಂಟದ ಎತ್ತರದವರೆಗೆ ಮಾತ್ರ ಸಿಮೆಂಟು ಮೆತ್ತಿದ್ದರು. ಮೂರು ಮಳೆಗಾಲ ಕಳೆಯುವಷ್ಟರಲ್ಲಿ, ಅದುವರೆಗೆ ಒಣಗಿದ್ದ ಮೇಲಿನ ಭಾಗದಲ್ಲಿ, ಸಿಮೆಂಟಿನ ಅಂಚಿಗೆ ಸರಿಯಾಗಿ ಗೀಟು ಎಳೆದಂತೆ ತೇವದ ಪಟ್ಟೆ ಮೂಡಿತ್ತು. ಬೆರಳಿನ ಗೆಣ್ಣಿನಿಂದ ತಟ್ಟಿದರೆ ಸಿಮೆಂಟು ಟೊಳ್ಳು ಟೊಳ್ಳಾಗಿ ಸದ್ದು ಮಾಡುತ್ತಿತ್ತು. ಒಂದು ತುಂಡನ್ನು ಎಬ್ಬಿಸಿದಾಗ ಹಿಂದಿನ ಗಾರೆ ನೆನೆದ ರವೆಯಂತೆ ಕೈಗೆ ಬಂದಿತು. ಕೆಳಗಿನ ದಾರಿ ಮುಚ್ಚಿದ್ದರಿಂದ ನೀರು ಮೇಲಿನ ದಾರಿಯನ್ನು ಹುಡುಕಿಕೊಂಡಿತ್ತು.

ಗೋಡೆಯನ್ನು ಮುಟ್ಟುವ ಮೊದಲು ನೀರಿನ ಮೂಲವನ್ನು ಹುಡುಕಿ. ಮಳೆ ಬರುವಾಗ ಕೊಡೆ ಹಿಡಿದು ಕಟ್ಟಡವನ್ನು ಒಂದು ಸುತ್ತು ಬನ್ನಿ. ಮಾಡಿನ ನೀರು ಹರಿಯುವ ದೋಣಿ ಒಡೆದಿದೆಯೇ, ಸೂರಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿದೆಯೇ, ಚರಂಡಿ ಕಟ್ಟಿಕೊಂಡಿದೆಯೇ ನೋಡಿ. ಪಟ್ಟಣದ ಶಾಲೆಗಳಲ್ಲಿ ಪದೇ ಪದೇ ಕಾಣುವ ಕಾರಣ ಇನ್ನೊಂದಿದೆ: ರಸ್ತೆಗೆ ಪದರದ ಮೇಲೆ ಪದರ ಹಾಕುತ್ತಾ ಹೋಗಿ, ಅಂಗಳಕ್ಕೂ ಕಾಂಕ್ರೀಟು ಸುರಿದು, ಹೊರಗಿನ ನೆಲ ಶಾಲೆಯ ಒಳನೆಲಕ್ಕಿಂತ ಎತ್ತರವಾಗಿರುತ್ತದೆ. ಹಾಗಿದ್ದರೆ ಗೋಡೆಯ ಸುತ್ತ ಆ ಮಣ್ಣನ್ನು ತೆಗೆದು, ತಳಪಾಯ ಬಯಲಾಗದಷ್ಟು ಆಳಕ್ಕೆ ಮಾತ್ರ, ನೀರು ಹರಿದುಹೋಗುವಂತೆ ಮಾಡಬೇಕು. ಎಷ್ಟೋ ಗೋಡೆಗಳ ರೋಗ ಇಷ್ಟರಲ್ಲೇ ಅರ್ಧ ವಾಸಿಯಾಗುತ್ತದೆ.

ಆಮೇಲೆ ಸಿಮೆಂಟನ್ನು ಉಳಿಯಿಂದ ಮೆಲ್ಲಗೆ ಎಬ್ಬಿಸಬೇಕು. ಯಂತ್ರದ ಸುತ್ತಿಗೆ ಬೇಡ. ಅದು ಗಿಲಾವಿನ ಜೊತೆಗೆ ಕಲ್ಲಿನ ಸಂದುಗಳನ್ನೂ ಸಡಿಲಿಸುತ್ತದೆ. ಬಯಲಾದ ಗೋಡೆಯನ್ನು ಒಂದು ಬೇಸಗೆ ಹಾಗೆಯೇ ಒಣಗಲು ಬಿಡಿ, ಹೊರಬಂದ ಉಪ್ಪನ್ನು ಒಣ ಕುಂಚದಿಂದ ಉಜ್ಜಿ ಗುಡಿಸಿ ಹೊರಗೆ ಹಾಕಿ. ನೀರಿನಿಂದ ತೊಳೆದರೆ ಉಪ್ಪು ಮತ್ತೆ ಒಳಹೋಗುತ್ತದೆ.

ಹೊಸ ಗಿಲಾವು ಸುಣ್ಣದ್ದೇ ಆಗಬೇಕು. ಸುಣ್ಣದ ಕಲ್ಲನ್ನಾಗಲಿ, ಕರಾವಳಿಯಲ್ಲಿ ಚಿಪ್ಪನ್ನಾಗಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿ ಅರಳಿಸಿದಾಗ ಅದು ಕೊತಕೊತ ಕುದಿಯುತ್ತದೆ, ಆದ್ದರಿಂದ ಮಕ್ಕಳನ್ನು ಹತ್ತಿರ ಬಿಡಕೂಡದು. ಅರಳಿದ ಸುಣ್ಣವನ್ನು ಜರಡಿ ಹಿಡಿದು, ಗುಂಡಿಯಲ್ಲಿ ನೀರಿನ ಕೆಳಗೆ ವಾರಗಟ್ಟಲೆ ಕೊಳೆಹಾಕಬೇಕು. ಹೆಚ್ಚು ದಿನ ಇದ್ದಷ್ಟೂ ಬೆಣ್ಣೆಯಂತಾಗುತ್ತದೆ. ಅದಕ್ಕೆ ಎರಡು ಅಥವಾ ಮೂರು ಪಾಲು ಮರಳು ಸೇರಿಸಿ ಅರೆಯಬೇಕು. ಹಿಂದೆ ಎತ್ತು ಕಟ್ಟಿದ ಗಾರೆಯ ಗಾಣವಿತ್ತು, ಈಗ ಯಂತ್ರವಿದೆ. ತೇವದ ಜಾಗದಲ್ಲಿ ಮರಳಿನ ಒಂದು ಭಾಗದ ಬದಲು ಸುರ್ಕಿ, ಅಂದರೆ ಇಟ್ಟಿಗೆ ಪುಡಿ ಹಾಕಿದರೆ, ಸುಟ್ಟ ಮಣ್ಣು ಸುಣ್ಣದೊಡನೆ ಕೂಡಿ ನೀರಿನಲ್ಲೂ ಗಟ್ಟಿಯಾಗುವ ಗುಣ ಬರುತ್ತದೆ. ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಸೇರಿಸುವ ಪದ್ಧತಿಯೂ ಉಂಟು. ಅವುಗಳ ಅಳತೆಯನ್ನು ಅನುಭವಿ ಗಾರೆ ಕೆಲಸದವರಿಗೇ ಬಿಡುವುದು ಒಳ್ಳೆಯದು.

ಸುಣ್ಣದ ಗಾರೆ ಅವಸರವನ್ನು ಸಹಿಸುವುದಿಲ್ಲ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಅದು ನಿಧಾನವಾಗಿ ಮತ್ತೆ ಕಲ್ಲಾಗಬೇಕು. ತೆಳುವಾದ ಪದರಗಳಲ್ಲಿ, ಗೋಡೆಯನ್ನು ಮೊದಲು ತೋಯಿಸಿ, ಒದ್ದೆ ಗೋಣಿಯ ನೆರಳಿನಲ್ಲಿ ಅದನ್ನು ಆರಲು ಬಿಡಬೇಕು. ಕಡುಬಿಸಿಲಿನ ತಿಂಗಳಲ್ಲೂ ಜಡಿಮಳೆಯಲ್ಲೂ ಈ ಕೆಲಸ ಹಿಡಿಯಬಾರದು. ನಿಮ್ಮ ಮಲೆನಾಡಿಗೆ ಮಳೆ ಹಿಂದೆ ಸರಿದ ಮೇಲಿನ ಚಳಿಗಾಲವೇ ಸರಿ. ಕೊನೆಗೆ ಸುಣ್ಣವನ್ನೇ ಬಳಿಯಿರಿ. ಬಣ್ಣ ಬೇಕೆಂದರೆ ಕಾವಿಮಣ್ಣನ್ನು ಅದರಲ್ಲೇ ಕಲಸಬಹುದು. ಕೆಲವು ವರ್ಷಗಳಿಗೊಮ್ಮೆ ಮತ್ತೆ ಬಳಿಯಬೇಕಾಗುತ್ತದೆ ಎಂಬುದು ನಿಜ. ಆ ಖರ್ಚು ನೀವು ಈಗ ಎದುರಿಸುತ್ತಿರುವುದಕ್ಕಿಂತ ಬಹಳ ಕಡಿಮೆ.

ಪ್ರಶ್ನೆ: ಸೋರುವ ಹೆಂಚಿನ ಮಾಡನ್ನು ತೆಗೆದು ತಗಡಿನ ಶೀಟು ಹಾಕಿಸಬಹುದೇ?
(ಮುಖ್ಯೋಪಾಧ್ಯಾಯರು, ಉಡುಪಿ ಜಿಲ್ಲೆ)

ಉತ್ತರ: ಬೇಡವೆಂದೇ ಹೇಳುತ್ತೇನೆ. ತಗಡಿನ ಕೆಳಗೆ ಮಾರ್ಚ್ ತಿಂಗಳ ಮಧ್ಯಾಹ್ನ ಕುಳಿತುಕೊಳ್ಳುವುದು ಕಷ್ಟ; ಆಷಾಢದ ಮಳೆಯಲ್ಲಿ ನೀವು ಹೇಳುವ ಪಾಠ ಹಿಂದಿನ ಸಾಲಿಗೆ ಕೇಳಿಸುವುದಿಲ್ಲ. ಮಾಡು ಸೋರುವುದಕ್ಕೆ ಬಹಳ ಸಲ ಕಾರಣ ಹೆಂಚಲ್ಲ, ಹೆಂಚು ಕೂರುವ ರೀಪಿನ ಪಟ್ಟಿ ಬಾಗಿರುವುದು ಅಥವಾ ಅದನ್ನು ಹೊರುವ ಪಕ್ಕಾಸಿನ ಮರವನ್ನು ಗೆದ್ದಲು ತಿಂದಿರುವುದು. ಹೆಂಚುಗಳನ್ನು ಇಳಿಸಿ, ಪಾಚಿಯನ್ನು ಉಜ್ಜಿ, ಮಲಗಿಸದೆ ನಿಲ್ಲಿಸಿಟ್ಟು, ಮರವನ್ನು ಸರಿಪಡಿಸಿ ಅವನ್ನೇ ಮತ್ತೆ ಹೊದಿಸಿ. ಬೆರಳಿನಿಂದ ಬಡಿದಾಗ ಕಂಚಿನಂತೆ ಸದ್ದು ಕೊಡುವ ಹೆಂಚು ಗಟ್ಟಿ, ಮಂದವಾದ ಸದ್ದಿನದು ಬಿರುಕು ಬಿಟ್ಟದ್ದು.

ಪ್ರಶ್ನೆ: ಹಳೆಯ ಶಾಲೆಯನ್ನು ಕೆಡವಿ ಹೊಸ ಕೊಠಡಿಗಳನ್ನು ಕಟ್ಟುವ ಮಾತು ನಡೆದಿದೆ. ಕಟ್ಟಡಕ್ಕೆ ನೂರು ವರ್ಷ ದಾಟಿರುವುದರಿಂದ ಕಾನೂನಿನ ರಕ್ಷಣೆ ತಾನಾಗಿಯೇ ಇರುತ್ತದೆಯಲ್ಲವೇ? ಗೋಡೆಯಲ್ಲಿ ಬಿರುಕುಗಳಿರುವುದೂ ನಿಜ.
(ಹಳೆಯ ವಿದ್ಯಾರ್ಥಿ, ತುಮಕೂರು ಜಿಲ್ಲೆ)

ಉತ್ತರ: ಇರುವುದಿಲ್ಲ. ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆ ಪ್ರಾಚೀನ ಸ್ಮಾರಕ ಎನಿಸಿಕೊಳ್ಳಲು ಕನಿಷ್ಠ ನೂರು ವರ್ಷವಾಗಿರಬೇಕೆಂದು ಹೇಳುತ್ತದೆಯೇ ಹೊರತು, ನೂರು ವರ್ಷವಾದದ್ದೆಲ್ಲವನ್ನೂ ರಕ್ಷಿಸುವುದಿಲ್ಲ. ಅಧಿಸೂಚನೆ ಹೊರಡಿಸಿ ಘೋಷಿಸಿದ ಕಟ್ಟಡಕ್ಕೆ ಮಾತ್ರ ರಕ್ಷಣೆ. ರಾಜ್ಯಕ್ಕೂ 1961ರ ತನ್ನದೇ ಕಾಯಿದೆಯಿದೆ. ಅದರಲ್ಲೂ ಘೋಷಣೆಯೇ ಮುಖ್ಯ. ಸಾಮಾನ್ಯ ಊರಶಾಲೆಗೆ ಇಂಥ ಘೋಷಣೆ ಇರುವುದು ಅಪರೂಪ. ಆದ್ದರಿಂದ ನಿಮ್ಮ ಶಾಲೆಯನ್ನು ಉಳಿಸಬಲ್ಲವರು ಮೊದಲಿಗೆ ಶಾಲಾಭಿವೃದ್ಧಿ ಸಮಿತಿ, ಶಿಕ್ಷಣ ಇಲಾಖೆಯ ಕಚೇರಿ ಮತ್ತು ಊರಿನವರು. ಹಳೆಯ ಕಟ್ಟಡವನ್ನು ಗ್ರಂಥಾಲಯಕ್ಕೋ ಸಭಾಂಗಣಕ್ಕೋ ಇಟ್ಟುಕೊಂಡು, ಹೊಸ ಕೊಠಡಿಗಳನ್ನು ಆವರಣದ ಬೇರೆ ಮೂಲೆಯಲ್ಲಿ ಕಟ್ಟಬೇಕೆಂದು ಸಮಿತಿಯ ಸಭೆಯಲ್ಲಿ ಲಿಖಿತ ಠರಾವು ಮಾಡಿಸಿ. ಬಾಯಿಮಾತಿನ ವಿರೋಧ ಕಡತಕ್ಕೆ ಏರುವುದಿಲ್ಲ.

ಮಕ್ಕಳ ಸುರಕ್ಷತೆಯ ವಿಷಯದಲ್ಲಿ ರಾಜಿ ಸಲ್ಲದು. ಜಂತಿ ಕುಸಿದಿದ್ದರೆ, ಗೋಡೆ ವಾಲಿದ್ದರೆ ಆ ಕೋಣೆಯನ್ನು ಇಂದೇ ಖಾಲಿ ಮಾಡಬೇಕು. ಆದರೆ ಬಿರುಕು ಕಂಡ ಕೂಡಲೇ ಕಟ್ಟಡ ಸತ್ತಿತೆಂದು ಬರೆದುಕೊಡುವುದೂ ಸರಿಯಲ್ಲ. ಬಿರುಕುಗಳಲ್ಲಿ ಎಂದೋ ಆಗಿ ನಿಂತುಹೋದವು ಇರುತ್ತವೆ, ಈಗಲೂ ಬೆಳೆಯುತ್ತಿರುವವು ಇರುತ್ತವೆ. ಇವೆರಡನ್ನೂ ಬೇರ್ಪಡಿಸಲು ಒಂದು ಹಳೆಯ ಉಪಾಯವಿದೆ. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಗಟ್ಟಿಯಾಗಿ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆಯಬೇಕು. ಗೋಡೆ ಚಲಿಸಿದರೆ ಗಾಜು ಒಡೆಯುತ್ತದೆ. ಒಂದು ಮಳೆಗಾಲ, ಒಂದು ಬೇಸಗೆ ಪೂರ್ತಿ ಕಳೆದ ಮೇಲೂ ಗಾಜು ಹಾಗೆಯೇ ಉಳಿದಿದ್ದರೆ, ಸುಣ್ಣದ ಕಟ್ಟಡಗಳ ಅನುಭವವಿರುವ ಇಂಜಿನಿಯರರಿಗೆ ತೋರಿಸಿ ವರದಿ ಪಡೆಯಿರಿ. ಹಳೆಯ ಕಟ್ಟಡಗಳ ರಕ್ಷಣೆಗಾಗಿ 1984ರಿಂದ ಕೆಲಸ ಮಾಡುತ್ತಿರುವ ಇಂಟಾಕ್ ಸಂಸ್ಥೆಯ ಸಲಹೆಯನ್ನೂ ಕೇಳಬಹುದು.

ಎಲ್ಲ ಪ್ರಯತ್ನದ ನಂತರವೂ ಕೆಡವುವುದೇ ನಿಶ್ಚಯವಾದರೆ, ಕೆಲಸದವರು ಬರುವ ಮೊದಲು ಪ್ರತಿ ಕೋಣೆಯ ಅಳತೆ ತೆಗೆದು ನಕ್ಷೆ ಬರೆಸಿ, ನಾಲ್ಕು ದಿಕ್ಕುಗಳಿಂದಲೂ ಒಳಗಿನಿಂದಲೂ ಚಿತ್ರ ತೆಗೆಸಿ, ಹೆಂಚು, ಬಾಗಿಲು ಮತ್ತು ತೊಲೆಗಳ ಪಟ್ಟಿಯನ್ನು ಅಚ್ಚಿನ ಹೆಸರಿನ ಸಮೇತ ಮುಖ್ಯೋಪಾಧ್ಯಾಯರ ಸಹಿಯೊಂದಿಗೆ ಸಿದ್ಧಪಡಿಸಿ. ಶೇರಾ ಪುಸ್ತಕ ಮತ್ತು ಹಳೆಯ ರಿಜಿಸ್ಟರುಗಳನ್ನು ಕೊಠಡಿ ಖಾಲಿ ಮಾಡುವ ದಿನ ಹರಾಜಿನ ರದ್ದಿಯ ಜೊತೆ ಹೊರಗೆ ಇಡುವುದು ಹಲವು ಕಡೆ ನಡೆದಿದೆ. ಅವುಗಳನ್ನು ಅದಕ್ಕೂ ಒಂದು ವಾರ ಮೊದಲೇ ಬೇರೆ ಬೀರುವಿಗೆ ಸಾಗಿಸಿ, ಬೀಗದ ಕೈಯನ್ನು ಯಾರ ವಶಕ್ಕೆ ಕೊಟ್ಟಿದ್ದೀರೆಂದು ಠರಾವಿನಲ್ಲಿಯೇ ಬರೆಸಿ.